ಕೆಂಪು ಕೆನ್ನೆಯ ವಂಶಾವಳಿ

ಇವತ್ತು ಬೆಳಿಗ್ಗೆಯಿಂದ ಮನೆ ತುಂಬ ಕಡಲೆಹಿಟ್ಟಿನ ವಾಸನೆ. ಕಂಪ್ಲಿಯಿಂದ ಗಂಡಿನ ಕಡೆಯವರು ಬರುತ್ತಾರೆಂದು ನಮ್ಮತ್ತೆ ಮುಖ ತಿಕ್ಕಿ ತೊಳೆಯಲು ನನ್ನ ಮಗಳ ಕೈಗೆ ಹಿಟ್ಟಿನ ಬಟ್ಟಲು ಕೊಟ್ಟು, ನನಗೆ ಅಪ್ಪಣೆ ಕೊಡಿಸಿದರು: “ನೀ ಅಡಿಗಿಮನ್ಯಾಗ ಇರು. ನಿನ್ನ ಮಾರಿ ನೋಡಿದ್ರ ಬಂದ ಸಂಬಂಧ ಹೋಗ್ತೈತಿ.” ಎಂಥ ಮರ್ಯಾದೆ ನೋಡಿ!

ಆ ವಾಸನೆಗೇ ನನ್ನ ಕೆನ್ನೆ ಉರಿಯುತ್ತದೆ. ಮದುವೆಯಾದ ಹೊಸದರಲ್ಲಿ ನಾವು ಯಶವಂತನಗರದಲ್ಲಿದ್ದೆವು. ಅಲ್ಲಿ ಗಣಿಯ ಕೆಂಪು ಅದಿರಿನ ಧೂಳು ಹಿಡಿಯದ ವಸ್ತುವಿಲ್ಲ. ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗಿರುತ್ತಿತ್ತು. ನಮ್ಮನೆಯವರು ಸನ್ಯಾಸಿಯಾಗದೆ ಉಳಿದದ್ದೇ ಪುಣ್ಯ. ಇಂಥ ಊರಲ್ಲಿ ಎರಡೂ ಕೆನ್ನೆ ಕೆಂಪೇರಿದರೆ ರೋಗವೆಂದು ಯಾರು ಅಂದಾರು, ನೀವೇ ಹೇಳಿ. “ಮೈನ್ಸ್ ಧೂಳದು, ಕಡ್ಲಿಹಿಟ್ಟು ಹಚ್ಚಿ ತಿಕ್ಕು,” ಎಂದರು ಅತ್ತೆ. ತಿಕ್ಕಿದೆ. ಧೂಳು ಹೋಯಿತು, ಕೆಂಪು ಉಳಿಯಿತು. ಕೀಲು ನೋವೆಂದರೆ “ಬಿಸಿಲಿಗೆ ಕುಂದ್ರು” ಎಂದರು. ಆ ಬಿಸಿಲೇ ನನಗೆ ವಿಷವೆಂದು ತಿಳಿಯುವಷ್ಟರಲ್ಲಿ ಕಿಡ್ನಿಗೂ ಪೆಟ್ಟು ಬಿದ್ದಿತ್ತು.

ಹೊಸಪೇಟೆಯ ಡಾಕ್ಟರಮ್ಮ ಇದು ಲೂಪಸ್ ಎಂದು ಬಿಡಿಸಿ ಹೇಳಿದರು: “ಮೈ ಕಾಯೋ ಕಣದಾಗ ಜೀನ್ ಅಂತ ಇರ್ತಾವ್ರಿ. ಅದ್ರಾಗ ಕೆಲವು ರೋಗಾಣು ಬಂದಾಗಷ್ಟೇ ಎಚ್ಚರಾಗಬೇಕು. ಇವ್ರಿಗೆ ಯಾವಾಗ್ಲೂ ಎಚ್ಚರಾಗೇ ಇರ್ತಾವ. ವೈರಿ ಇಲ್ಲದಿದ್ರೂ ಆ ಕಣ ಇವ್ರ ಮೈಮ್ಯಾಲೇ ಏರಿ ಹೋಗ್ತಾವ.”

ವೈರಿಯಿಲ್ಲದೆ ಯುದ್ಧ ಮಾಡುವವರನ್ನು ನಾನು ಆಗಲೇ ಬಲ್ಲೆ. ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಅಷ್ಟೂ ಮಾತಿನಲ್ಲಿ ಅತ್ತೆಯ ಕಿವಿಗೆ ಬಿದ್ದದ್ದು ಜೀನ್ ಒಂದೇ. “ಜೀನ್ ಅಂದ್ರ ವಂಶದ್ದಲ್ಲೇನ್ರಿ? ನಮ್ಮನ್ಯಾಗ ಇಂಥಾವಿಲ್ಲ. ಅಕಿ ತವರಿಂದು!” ಜೀನ್ ಇರುವುದು ಬೇರೆ, ಅದರ ಕೆಲಸ ಏರುಪೇರಾಗುವುದು ಬೇರೆ, ತವರೊಂದೇ ಕಾರಣವಲ್ಲ ಎಂದು ಡಾಕ್ಟರಮ್ಮ ಗಂಟಲು ಹರಿದುಕೊಂಡರು. ಅತ್ತೆ ಬಸ್ಸಿನಲ್ಲೇ ಬುಕ್ಕಸಾಗರದ ನಮ್ಮಪ್ಪನ ಇಡೀ ವಂಶವನ್ನು ಜಾಲಾಡಿದರು. ಸಿಕ್ಕಿದ್ದು ಅಜ್ಜನ ಉಬ್ಬಸ ಒಂದೇ, ಅದನ್ನೂ ಬಿಡಲಿಲ್ಲ. ಅಂದಿನಿಂದ ನಾನು ಸೀನಿದರೂ ಬುಕ್ಕಸಾಗರದ ತಪ್ಪು.

ಕಂಪ್ಲಿಯವರು ಬಂದರು. ಮಂಡಕ್ಕಿಗೆ ಒಗ್ಗರಣೆ ಹಾಕುತ್ತ ನಾನು ಒಳಗೇ ಕಿವಿಗೊಟ್ಟು ನಿಂತೆ. ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆಯಿತ್ತು, ಮಗಳ ಸಂಬಂಧ ನನ್ನಿಂದ ತಪ್ಪಬಾರದಲ್ಲ.

“ಹುಡುಗಿ ತಾಯಿ ಎಲ್ಲದಾರ್ರಿ?” ಎಂದರು ಗಂಡಿನ ತಾಯಿ.

“ಊರಿಗೆ ಹೋಗ್ಯಾಳ್ರಿ,” ಎಂದರು ಅತ್ತೆ, ಸಲೀಸಾಗಿ.

ಆಗ ಮಗಳ ದನಿ ಕೇಳಿತು: “ಇಲ್ರಿ, ನಮ್ಮವ್ವ ಒಳಗದಾಳ. ಅಕಿಗೆ ಲೂಪಸ್ ಐತಿ. ನಾಳೆ ನನಗೂ ಏನರ ಬಂದ್ರ, ನೀವೂ ನನ್ನ ಹಿಂಗ ಅಡಿಗಿಮನ್ಯಾಗ ಮುಚ್ಚಿಡ್ತೀರೇನು? ಮೊದ್ಲು ಅದನ್ನ ಹೇಳ್ರಿ.”

ನಾನು ಒಲೆ ಆರಿಸಿದೆ. ಮುಖಕ್ಕೆ ಸೆರಗು ಎಳೆದುಕೊಳ್ಳದೆ ಹೊರಗೆ ಬಂದು, ಅತ್ತೆಯ ಪಕ್ಕದಲ್ಲೇ ಕುಳಿತೆ.