ಹಂಡೆ ನೀರಿನಲ್ಲಿ ಮಾವಿನಕಾಯಿ

ಮಾವು ಕೊಳೆಯುವುದು ತೊಟ್ಟಿನ ಕಡೆಯಿಂದ. ಅಲ್ಲೊಂದು ಕಪ್ಪು ಮಚ್ಚೆ ಬಂತೆಂದರೆ ಆ ಹಣ್ಣು ಹೋಯಿತು, ಪಕ್ಕದ್ದನ್ನೂ ಬಿಡುವುದಿಲ್ಲ. ತೊಂಬತ್ತರ ದಶಕದಲ್ಲಿ ನಾನೂ ನನ್ನ ಅತ್ತೆಯೂ ಮೈಸೂರಿನಲ್ಲಿ ಹಣ್ಣು ಮಾರುತ್ತಿದ್ದೆವು. ಇಲವಾಲದ ಕಡೆಯ ತೋಟದಿಂದ ರಸಪುರಿ ಕಾಯಿ ತಂದು, ಬಾಡಿಗೆ ಕೋಣೆಯಲ್ಲಿ ಹುಲ್ಲು ಹಾಸಿ ಹಣ್ಣು ಮಾಡುತ್ತಿದ್ದೆವು. ಒಂದು ವರ್ಷ ಮಳೆ ಬೇಗ ಹಿಡಿದು ಅರ್ಧಕ್ಕರ್ಧ ಕೊಳೆಯಿತು. ಮನೆಯ ಯಜಮಾನಿ ಮೂಗಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲಿ ನಿಂತರು.

"ಇನ್ನೊಂದ್ಸಲ ಈ ನಾತ ಬಂದ್ರೆ ಕೋಣೆ ಖಾಲಿ ಮಾಡ್ಬುಡಿ. ಪಕ್ಕದಲ್ಲೇ ದೇವರಮನೆ ಐತೆ ಕಣಮ್ಮ."

ಕೋಣೆ ಹೋದರೆ ವ್ಯಾಪಾರವೂ ಹೋದ ಹಾಗೆ. ಹಣ್ಣಿಡಲು ಬೇರೆ ಯಾರು ಜಾಗ ಕೊಡುತ್ತಾರೆ?

ನಮ್ಮ ಹತ್ತಿರ ಹಣ್ಣು ಕೊಳ್ಳುತ್ತಿದ್ದ ಮೇಡಮ್ಮೊಬ್ಬರು ಹಣ್ಣು ಕೆಡದಂತೆ ಇಡುವ ವಿದ್ಯೆಯನ್ನೇ ಓದಿದವರು. ಅವರನ್ನು ಕರೆತಂದೆ. ಅತ್ತೆ ಆಗ ಒಂದೇ ಒದ್ದೆ ಬಟ್ಟೆಯಲ್ಲಿ ಕಾಯಿಗಳನ್ನೆಲ್ಲ ಒರೆಸುತ್ತಿದ್ದರು, ಪಕ್ಕದ ಕಾಯಿಗೆ ಚುಚ್ಚುತ್ತದೆಂದು ತೊಟ್ಟು ಕಿತ್ತು ಹಾಕುತ್ತಿದ್ದರು.

"ಆ ಬಟ್ಟೆನೇ ಎಲ್ಲಕ್ಕೂ ಬೂಷ್ಟು ಹಂಚ್ತಿರೋದು. ತೊಟ್ಟು ಕಿತ್ರೆ ಅದಕ್ಕೆ ಬಾಗಿಲು ತೆಗೆದಂಗೆ," ಎಂದರು ಮೇಡಮ್ಮು.

ಕಾಯಿ ಬಂದ ದಿನವೇ ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ನೆರಳಲ್ಲಿ ಆರಿಸಬೇಕಂತೆ. ನೀರು ಬಿಸಿ ಸಾಲದಿದ್ದರೆ ಬೂಷ್ಟು ಸಾಯದು, ಹೆಚ್ಚಾದರೆ ಸಿಪ್ಪೆ ಬೇಯುತ್ತದೆ. ನೀರಿನ ಬಿಸಿ ಅಳೆಯಲು ಒಂದು ಥರ್ಮಾಮೀಟರ್ ಕೊಟ್ಟರು. ಅದರ ಅಂಕಿ ನನಗೆ ಓದಲು ಬಾರದು. ಕೆಂಪು ಗೆರೆ ನಿಲ್ಲಬೇಕಾದ ಕಡೆ ಅವರೇ ದಾರ ಕಟ್ಟಿಕೊಟ್ಟರು.

ಮುಂದಿನ ಸಲ ಕಾಯಿ ಬರುವ ಮೊದಲು ಹಳೇ ಹುಲ್ಲು ಸುಟ್ಟೆ. ಬಚ್ಚಲ ಹಂಡೆಗೆ ಉರಿ ಹಾಕಿದೆ.

"ಕಾಯಿಗೆ ಎಣ್ಣೆಸ್ನಾನವೇನೇ? ತಾಳು, ಸೀಗೇಪುಡಿ ತತ್ತೀನಿ," ಎಂದರು ಅತ್ತೆ.

ಮೊದಲ ಕಂತಿಗೆ ಗೆರೆ ದಾರ ದಾಟಿತು. ಕಾಯಿಗಳು ಕಂದಿಹೋದವು.

"ಗೊಜ್ಜು ಮಾಡ್ಬುಡು, ಅರ್ಧ ಬೆಂದೈತೆ," ಎಂದರು ಅತ್ತೆ.

ಗೊಜ್ಜು ಮಾಡಿದೆ. ಉರಿ ಹಿಂದಕ್ಕೆ ಎಳೆದು ಮಿಕ್ಕಿದ್ದನ್ನು ಮುಳುಗಿಸಿದೆ. ಅತ್ತೆ ಹಟ ಹಿಡಿದು ಒಂದು ಬುಟ್ಟಿ ಮಾತ್ರ ತಮ್ಮ ರೀತಿಯಲ್ಲೇ ಒರೆಸಿ, ತೊಟ್ಟು ಕಿತ್ತು ಇಟ್ಟರು. ನಾನು ಅದನ್ನು ಕೋಣೆಯೊಳಗೆ ಬಿಡಲಿಲ್ಲ, ಜಗಲಿಯ ಮೂಲೆಗೆ ಹಾಕಿಸಿದೆ.

ಕಾಯಿ ಹಣ್ಣಾಗುವ ಹೊತ್ತಿಗೆ ಅತ್ತೆಯ ಬುಟ್ಟಿ ಕಪ್ಪಗಾಯಿತು. ಯಾರಿಗೂ ಹೇಳದೆ ಹಿತ್ತಲಿಗೆ ಒಯ್ದು ಮಣ್ಣು ಮುಚ್ಚಿ ಬಂದರು. ನನ್ನವೂ ಎಲ್ಲ ಉಳಿಯಲಿಲ್ಲ. ಹಾಳಾದ ನಾಲ್ಕಾರನ್ನು ದಿನಾ ಆರಿಸಿ ತೆಗೆದೆ. ಉಳಿದವು ಬಣ್ಣ ತಿರುಗಿ ಘಂ ಎನ್ನುತ್ತಿದ್ದವು.

ಯಜಮಾನಿ ಬಂದು ಕೋಣೆಯೆಲ್ಲ ಮೂಸಿದರು. ಹುಲ್ಲು ಸರಿಸಿ ಒಂದು ಹಣ್ಣು ಒತ್ತಿ ನೋಡಿದರು.

"ನೈವೇದ್ಯಕ್ಕೆ ನಾಕು ಕೊಡಿ," ಎಂದರು. "ಮುಂದಿನ ಗಾಡಿ ಯಾವತ್ತು ಬತ್ತದೆ?"

"ನಾಳೆ."

"ಜಗಲಿ ಮೇಲೆ ಸುರೀಬೇಡಿ, ಅಷ್ಟೇ."

ಅವರು ಹೋದ ಮೇಲೆ ಅತ್ತೆ ತಮ್ಮ ಒರೆಸುವ ಬಟ್ಟೆಯನ್ನು ಒಲೆಗೆ ಹಾಕಿದರು.

"ಮೈಗೆ ನೀರು ಬೇಕಾದ್ರೆ ಈಗ್ಲೇ ಕಾಯಿಸ್ಕೊ ಕಣೇ. ಬೆಳಿಗ್ಗೆ ಹಂಡೆ ನಂಗೆ ಬೇಕು."