ನಡುಮನೆಯಲ್ಲಿ ಉರುಳಿದ ನಿಂಬೆಹಣ್ಣು

ಆ ಮಧ್ಯಾಹ್ನ ಮನೆ ನೋಡಲು ಹೋದವರು ನಾವು ನಾಲ್ವರು: ನಾನು, ನನ್ನ ತಂಗಿ, ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ಅವಳ ಗಂಡ, ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದ ನಮ್ಮ ಸೋದರತ್ತೆ. ತೋರಿಸಲು ನಿಂತವರು ಮನೆಯ ಯಜಮಾನರೇ, ಬಿಳಿಗೂದಲಿನ ಇಂಗ್ಲಿಷ್ ಹಿರಿಯರು. ಲಂಡನ್ನಿನ ಅಂಚಿನ ಸಟನ್ನಿನಲ್ಲಿ ಆ ಬೀದಿಯೆಲ್ಲ ಕನ್ಸರ್ವೇಶನ್ ಏರಿಯಾ, ಹಳೆಯ ರೂಪ ಕೆಡಿಸಬಾರದ ಜಾಗ. ಕೌನ್ಸಿಲ್ ಒಪ್ಪದೆ ಮುಂಬಾಗಿಲನ್ನೂ ಬದಲಿಸುವಂತಿಲ್ಲ. ಈ ಮನೆಯಂತೂ ನಾನೂರು ವರ್ಷ ಹಿಂದಿನ ವೇಷ ತೊಟ್ಟು ನಿಂತಿತ್ತು: ಬಿಳಿ ಗೋಡೆಯ ಮೇಲೆ ಕಪ್ಪು ಮರದ ಪಟ್ಟಿಗಳು, ಸಣ್ಣ ಸಣ್ಣ ಗಾಜಿನ ಕಿಟಕಿಗಳು, ಎತ್ತರದ ಚಿಮಣಿ. ನಿಜಕ್ಕೂ ಕಟ್ಟಿ ನೂರು ವರ್ಷವೂ ಆಗಿರಲಿಲ್ಲ. ಪಾಳುಬಿದ್ದಿದ್ದನ್ನು ಕೊಂಡು ಮೊದಲಿನ ರೂಪಕ್ಕೆ ತಂದಿದ್ದೇನೆ, ಕೆಲಸ ಮುಗಿದು ಎರಡು ವರ್ಷವಾಯಿತು ಎಂದು ಯಜಮಾನರು ಬಾಗಿಲಲ್ಲೇ ಹೇಳಿದರು.

ತಂಗಿಯ ಗಂಡ ಮರುಳಾಗಿಬಿಟ್ಟಿದ್ದ. ಬಾಡಿಗೆ ಫ್ಲ್ಯಾಟಿನಲ್ಲಿದ್ದುಕೊಂಡು ಇಷ್ಟು ವರ್ಷ ಕೂಡಿಟ್ಟಿದ್ದನ್ನೆಲ್ಲ ಇದಕ್ಕೇ ಸುರಿಯಲು ತಯಾರಾಗಿದ್ದ. ಸೋಮವಾರ ಉತ್ತರ ಹೇಳಬೇಕಿತ್ತು. ದೇವರ ಮನೆ ಎಲ್ಲಿ ಎಂಬುದನ್ನೂ ತಂಗಿ ಮನಸ್ಸಿನಲ್ಲೇ ಗುರುತು ಹಾಕಿಕೊಂಡಾಗಿತ್ತು.

ಅತ್ತೆಗೆ ಮಾತ್ರ ಒಳಗೆ ಕಾಲಿಟ್ಟಾಗಿನಿಂದ ಸಮಾಧಾನವಿಲ್ಲ.

"ಇದೇನೇ, ಇಷ್ಟೊಂದು ಬಣ್ಣದ ವಾಸನೆ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

"ರಿಪೇರಿ ಮಾಡಿಸಿದಾರಲ್ಲ ಅತ್ತೆ."

"ಅದು ಎರಡು ವರ್ಷದ ಹಿಂದೆ. ವಾಸನೆ ಮೊನ್ನೇದು. ನಗ್ತಾ ಮಾತಾಡು, ಆತ ನೋಡ್ತಿದಾನೆ."

ಅಲ್ಲಿಂದ ನನಗೂ ಆ ಅನುಮಾನದ ರೋಗ ಅಂಟಿತು. ಬೀದಿಯ ಕಡೆ ಹೊರಚಾಚಿದ ದೊಡ್ಡ ಕಿಟಕಿಯ ನಡುಮನೆಯಲ್ಲಿ ಯಜಮಾನರು ಕಿಟಕಿಯ ಪಕ್ಕದ ಮೂಲೆ ಬಿಡದೆ ನಿಂತಿದ್ದರು. ನಾವು ಕಿಟಕಿಯ ಹತ್ತಿರ ಸರಿದರೆ ಸಾಕು, ಎದುರಿನ ಬೆಂಕಿಗೂಡಿನ ಕೆತ್ತನೆ ನೋಡಿ ಎನ್ನುತ್ತಿದ್ದರು. ಸೌಜನ್ಯವೋ ಕಾವಲೋ ತಿಳಿಯಲಿಲ್ಲ.

ಅಷ್ಟರಲ್ಲಿ ಅತ್ತೆ ಕೈಚೀಲದಿಂದ ನಿಂಬೆಹಣ್ಣು ತೆಗೆದು, ಬಾಗಿಲ ಬಳಿ ಹೊಳೆಯುವ ಮರದ ನೆಲದ ಮೇಲಿಟ್ಟರು.

"ಅಯ್ಯೋ ಅತ್ತೆ, ಇಲ್ಲೆಲ್ಲ ದೃಷ್ಟಿ ತೆಗೀಬೇಡಿ!" ತಂಗಿಯ ಗಂಡ ಬೆವೆತುಹೋದ.

"ದೃಷ್ಟಿ ಯಾರು ತೆಗೀತಾರೆ ಅಳಿಯಂದ್ರೆ? ನೆಲ ನೋಡ್ತಿದೀನಿ. ಬಚ್ಚಲಿಗೆ ಕಲ್ಲು ಹಾಸಿದಾಗ ನಮ್ಮ ಮಾವನೋರು ಹೀಗೇ ನೋಡಿದ್ರು."

ಹಣ್ಣು ಒಂದು ಕ್ಷಣ ಯೋಚಿಸಿದಂತೆ ನಿಂತು, ಮೆಲ್ಲಗೆ ಹೊರಟಿತು. ಆಮೇಲೆ ಬಿರುಸಾಗಿ, ಯಜಮಾನರ ಬೂಟು ದಾಟಿ, ಕಿಟಕಿಯ ಗೋಡೆಗೆ ಟಕ್ಕೆಂದು ಬಡಿಯಿತು.

"ಬಚ್ಚಲು ಇಳಿಜಾರಿರ್ಬೇಕು," ಎಂದರು ಅತ್ತೆ. "ನಡುಮನೆ ಅಲ್ಲ."

ಯಜಮಾನರು ನಕ್ಕು ಹಣ್ಣನ್ನು ಎತ್ತಿಕೊಟ್ಟರು. ಹಳೆಯ ಮನೆಗಳು ಸ್ವಲ್ಪ ವಾಲುವುದು ಸಹಜ ಎಂದರು. ಅದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ವಾಲಿದ್ಮೇಲೆ ಬಿರುಕೂ ಇರ್ಬೇಕಲ್ಲ? ಎಲ್ಲಿ, ಒಂದಾದ್ರೂ ತೋರ್ಸೋಕೆ ಹೇಳು."

ಹೊಸ ಬಣ್ಣದ ಗೋಡೆಗಳಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳುವ ಧೈರ್ಯ ನನಗೆ ಬರಲಿಲ್ಲ.

ಕಾರಿನಲ್ಲಿ ತಂಗಿಯ ಗಂಡ ಸಿಡುಕಿದ: "ಒಂದು ನಿಂಬೆಹಣ್ಣಿನ ಮಾತು ಕೇಳಿ ಮನೆ ಬಿಡ್ಲಾ ನಾನು?"

"ಬಿಡಬೇಡಿ, ಒಬ್ಬ ಇಂಜಿನಿಯರನ್ನ ಕರೆಸಿ," ಎಂದಳು ತಂಗಿ. "ಸ್ಕ್ಯಾನ್ ನೋಡದೆ ನೀವು ಯಾರದ್ದಾದ್ರೂ ಹೊಟ್ಟೆ ಕುಯ್ತೀರಾ?"

ಸೋಮವಾರದ ಉತ್ತರವನ್ನು ಮುಂದೂಡಿ, ಬುಧವಾರ ಗಂಡಹೆಂಡತಿ ಇಂಜಿನಿಯರನ್ನು ಕರೆದುಕೊಂಡು ಹೋದರು. ನಡುಮನೆಯ ನೆಲಕ್ಕೆ ಈಗ ಗೋಡೆಯಿಂದ ಗೋಡೆಗೆ ದಪ್ಪ ಕಾರ್ಪೆಟ್ ಬಿಗಿದಾಗಿತ್ತು. ಒಂದು ಅಂಚು ಎತ್ತಿ ನೋಡಬಹುದೇ ಎಂದು ಇಂಜಿನಿಯರ್ ಕೇಳಿದ್ದಕ್ಕೆ, ಮೊನ್ನೆಯಷ್ಟೇ ಹಾಸಿದ್ದು, ಆಗದು ಎಂದರಂತೆ ಯಜಮಾನರು. ತಂಗಿಯ ಗಂಡ ಆ ಸಂಜೆಯೇ ಫೋನ್ ಮಾಡಿ, ಮನೆ ಬೇಡ ಎಂದ. ವಾರವೆಲ್ಲ ಅತ್ತೆಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಅತ್ತೆಯೂ ತಮ್ಮಷ್ಟಕ್ಕೆ ಅವನಿಗಿಷ್ಟವೆಂದು ದಿನಾ ಬಿಸಿಬೇಳೆಬಾತ್ ಮಾಡಿದರು. ಆಮೇಲೆ ಊರಿಗೆ ಹೊರಟುಹೋದರು.

ಎಲೆಗಳೆಲ್ಲ ಉದುರಿದ ಮೇಲೆ ಒಂದು ಶನಿವಾರ ನಾನೂ ತಂಗಿಯೂ ಆ ಬೀದಿಯಲ್ಲಿ ಹಾದು ಬಂದೆವು. ಆ ಮನೆಯ ದೊಡ್ಡ ಕಿಟಕಿಗೆ ಮರದ ತೊಲೆಗಳನ್ನು ಆನಿಕೆ ಕೊಟ್ಟು ನಿಲ್ಲಿಸಿದ್ದರು. ಅದರ ಕೆಳಗೆ ಅಡಿಪಾಯದವರೆಗೆ ತೋಡಿದ ಎದೆಮಟ್ಟದ ಗುಂಡಿ, ಗುಂಡಿಯಲ್ಲಿ ಇಬ್ಬರು ಕೆಲಸದವರು. ಬಾಗಿಲಲ್ಲಿ ಹಳೆಯ ಯಜಮಾನರಿರಲಿಲ್ಲ, ಕಂಕುಳಲ್ಲಿ ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ನಿಂತು ಗುಂಡಿಯನ್ನೇ ನೋಡುತ್ತಿದ್ದಳು.