ಒಂದು ಸೈಜ್ ದೊಡ್ಡ ಬೂಟು

೨೦೨೩ರ ಜನವರಿ ೨೧ರ ನನ್ನ ಡೈರಿಯಲ್ಲಿ ಹೀಗಿದೆ: “ಸ್ಕೀಯಿಂಗ್. ಹನ್ನೊಂದು ಸಲ ಬಿದ್ದೆ. ಹನ್ನೊಂದು ಸಲವೂ ಹಿಂದಕ್ಕೆ.”

ಅರವತ್ತಮೂರನೆಯ ವಯಸ್ಸಿನಲ್ಲಿ ಕಲಿಯಲು ಹೊರಟವಳು ನಾನು. ಮೊಮ್ಮಗಳ ಜೊತೆ ಒಮ್ಮೆಯಾದರೂ ಹಿಮದ ಬೆಟ್ಟ ಜಾರಿ ಇಳಿಯಬೇಕೆಂಬ ಆಸೆ. ಮಗಳು ಮಾತ್ರ, “ಸಾಕಮ್ಮ, ಮುಂದಿನ ಸಲ ನೀನು ಕೆಳಗೆ ಕಾಫಿ ಕುಡೀತಾ ಕೂತಿರು” ಎಂದುಬಿಟ್ಟಳು.

ಕೊನೆಯ ಪ್ರಯತ್ನವೆಂದು ಪಸಡೀನಾದ ಒಂದು ಸ್ಕೀ ಅಂಗಡಿಗೆ ಹೋದೆ. ಅಲ್ಲಿದ್ದ ಹೆಂಗಸು ನನ್ನ ಬೂಟು ಬಿಚ್ಚಿಸಿದಳು. ಒಳಗಿದ್ದ ಎರಡು ಜೊತೆ ಉಲ್ಲನ್ ಕಾಲುಚೀಲವನ್ನೂ ತೆಗೆಸಿ ಪಾದ ಅಳೆದಳು.

“ಒಂದು ಸೈಜ್ ದೊಡ್ಡದು ಯಾಕೆ ತಗೊಂಡ್ರಿ?”

“ನಮ್ಮಲ್ಲಿ ಹಾಗೇ ತಗೊಳ್ಳೋದು. ಮಕ್ಕಳು ಬೆಳೀತಾರಲ್ಲ.”

“ನೀವಿನ್ನೂ ಬೆಳೀತಿದ್ದೀರಾ?”

ಅವಳು ಒಂದೇ ತೆಳು ಕಾಲುಚೀಲದ ಮೇಲೆ ಬಿಗಿಯಾದ ಬೂಟು ಹಾಕಿಸಿ, ಮಂಡಿ ಬಗ್ಗಿಸಿ ಮುಂದಕ್ಕೆ ವಾಲಿ ನಿಲ್ಲಲು ಹೇಳಿದಳು. “ಬೂಟು ಸಡಿಲವಿದ್ರೆ ಕಾಲು ಹೇಳಿದ್ದು ಕೆಳಗಿನ ಸ್ಕೀ ಹಲಗೆಗೆ ಕೇಳಿಸಲ್ಲ. ನೀವು ಹೆದರಿ ಹಿಂದೆ ವಾಲ್ತೀರಿ, ಅದು ನಿಮ್ಮನ್ನು ಬಿಟ್ಟು ಮುಂದೆ ಓಡುತ್ತೆ.” ಭೌತಶಾಸ್ತ್ರ ಓದಿದ ನನಗೆ ಇದು ಹೊಳೆದೇ ಇರಲಿಲ್ಲ!

ಮುಂದಿನ ಶನಿವಾರ ಬೆಟ್ಟದ ಮೇಲೆ ನಿಂತು, ಎಡಕ್ಕೆ ತಿರುಗಲು ಬಲಗಾಲಿನ ಮೇಲೆ ಒಂದಿಷ್ಟು ಭಾರ ಹಾಕಿದೆ, ಅಷ್ಟೇ. ಸ್ಕೀ ತಿರುಗಿತು. ಎಡಗಾಲಿಗೆ ಭಾರ ಹಾಕಿದೆ, ಬಲಕ್ಕೆ ತಿರುಗಿತು. ಅಷ್ಟು ದೊಡ್ಡ ಬೆಟ್ಟ ನನ್ನ ಪಾದದ ಮಾತು ಕೇಳುತ್ತಿದೆಯೆಂದು ಮೈ ಜುಮ್ಮೆಂದಿತು. ಹಿಂದಿನಿಂದ ಮೊಮ್ಮಗಳು, “ಅಜ್ಜೀ, ವೇಟ್!” ಎಂದು ಕೂಗುತ್ತಿದ್ದಳು.

ಒಟ್ಟು ಖರ್ಚು: ಬೂಟಿಗೆ ನಾನೂರ ಅರವತ್ತು ಡಾಲರ್, ಕಾಲುಚೀಲಕ್ಕೆ ಇಪ್ಪತ್ತೆಂಟು, ಕೆಳಗಿನ ಕಾಫಿಗೆ ಆರು. ಕಾಫಿ ಕುಡಿಯುತ್ತಾ ಕೂತಿದ್ದವಳು ಮಗಳು.